ಕೊಳಾಲದ ಕೋಳಿಗಳೂ ನನ್ನ ಕೆಂಪು ಕಾರೂ

ಇದನ್ನು ಹೇಳಿಬಿಡಬೇಕೆಂದು ಹೊರಟು ಎಷ್ಟು ಸಲ ಹಿಂದೆ ಸರಿದಿದ್ದೇನೋ ನನಗೇ ತಿಳಿಯದು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದೆ. ಪೊರೆ ಹೋಗಿ ಅಕ್ಷರ ನಿಚ್ಚಳವಾದಾಗ, ಕೈ ನಡುಗುತ್ತದೆ ಎಂದೆ. ಕೈಗೆ ಮಾತ್ರೆ ಸಿಕ್ಕಿದಾಗ, ಒಳ್ಳೆಯ ಪೆನ್ನಿಲ್ಲ ಎಂದೆ. ಕೊನೆಗೆ ನನ್ನನ್ನು ಈ ಕಾಗದದ ಮುಂದೆ ಕೂರಿಸಿದ್ದು ಒಂದು ಕೋಳಿ. ನಗಬೇಡಿ ಗೆಳೆಯರೇ, ನಕ್ಕರೂ ಬೇಸರವಿಲ್ಲ, ಎರಡು ವಾರದಿಂದ ನಾನೇ ಒಬ್ಬೊಬ್ಬನೇ ನಗುತ್ತಿದ್ದೇನೆ.

ಕೊಳಾಲಕ್ಕೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆ ತಿಂದ ಹೊಟ್ಟೆಗೆ ನೆರಳು ಬೇಕಾಗಿ ಪಕ್ಕದ ಹಿತ್ತಿಲಿನ ಹುಣಸೆಮರದ ಕಡೆ ನಡೆದೆ. ಅಲ್ಲಿ, ಸೋಗೆಯ ಮರೆಯಲ್ಲಿ, ಗುಲಾಬಿಗೆ ತಿರುಗಿದ ಕೆಂಪು ಬಣ್ಣದ ಪುಟ್ಟ ಕಾರೊಂದು ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಅದರ ಸ್ಟೇರಿಂಗಿನ ಮೇಲೆ ನಾಟಿ ಕೋಳಿಯೊಂದು, ಪಾವಗಡದ ಬಸ್ಸು ಹೊರಡಿಸಲಿರುವ ಡ್ರೈವರಿನ ಗತ್ತಿನಲ್ಲಿ, ಕತ್ತು ಎತ್ತಿ ಕೂತಿತ್ತು. ಕಾರಿನ ಎಡಗಣ್ಣು ಬಲಗಣ್ಣಿಗಿಂತ ಎರಡು ಬೆರಳು ಕೆಳಗಿತ್ತು. ಆ ಮಾಲುಗಣ್ಣನ್ನು ನಾನು ಯಾವ ಜನ್ಮದಲ್ಲೂ ಮರೆಯಲಾರೆ, ಏಕೆಂದರೆ ಆ ದೀಪಕ್ಕೆ ತೂತು ಕೊರೆದವನು ನಾನೇ.

ಹಿತ್ತಿಲಿನ ಒಡತಿ ಪುಟ್ಟಮ್ಮನವರು ಕಾಳು ಚೆಲ್ಲುತ್ತಾ ಬಂದರು. "ಅಮ್ಮಾ, ಇದನ್ನ ಕೊಡ್ತೀರಾ?" ಎಂದೆ.

"ಯಾವ್ದು, ಹುಂಜಾನಾ?"

"ಅಲ್ಲ ಕಣಮ್ಮ, ಕಾರು."

ಆಕೆ ನನ್ನ ಬೋಳುತಲೆಯಿಂದ ಹವಾಯಿ ಚಪ್ಪಲಿಯವರೆಗೆ ನೋಡಿದರು. "ಹೋಳಿಗೆ ಜಾಸ್ತಿ ಆಯ್ತೇನೋ ನಿಮ್ಗೆ. ಇಂಜಿನ್ ತುಕ್ಕು ಹಿಡ್ದೈತೆ, ಸೀಟ್ನ ಇಲಿ ತಿಂದವೆ. ಆದ್ರೂ ನನ್ ಕೋಳಿಗಳು ಹುಟ್ಟಿ ಬೆಳ್ದಿರೋ ಮನೆ ಇದು. ನಾಯಿ ನುಗ್ಗದಂಗೆ ಇನ್ನೊಂದು ಗೂಡು ಕಟ್ಟಿಸ್ಕೊಟ್ಬುಟ್ಟು ಎತ್ಕೊಂಡೋಗಿ."

ಕುದುರೆ ಕೊಟ್ಟು ರಾಜ್ಯ ಕೊಂಡವರಿರಬಹುದು, ಕೋಳಿಗೂಡು ಕೊಟ್ಟು ಕಾರು ಕೊಳ್ಳುವ ಭಾಗ್ಯ ಯಾರಿಗುಂಟು! ಮಧುಗಿರಿಗೆ ಮರಳುವ ಬಸ್ಸಿನಲ್ಲಿ ನನ್ನ ಎಪ್ಪತ್ತೆರಡು ವರ್ಷಗಳಲ್ಲಿ ಅರ್ಧಕ್ಕರ್ಧ ಕೊರಟಗೆರೆ ದಾಟುವ ಮೊದಲೇ ಉದುರಿಹೋಗಿದ್ದವು. ಮನಸ್ಸಿನಲ್ಲೇ ತುಕ್ಕು ಕೆರೆದೆ, ಬಣ್ಣ ಬಳಿದೆ, ಹಾರನ್ನು ಒತ್ತಿದೆ. ಹಾರನ್ನನ್ನು ಬಾಯಲ್ಲೂ ಒತ್ತಿದೆನೇನೋ, ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮನೆಯಲ್ಲಿ ಹೆಂಡತಿ ಕೇಳಿ, ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. "ಅಲ್ಲಾ ಕಣ್ರೀ, ನಿಮ್ಮಿಬ್ರಲ್ಲಿ ಯಾರನ್ನ ಮೊದ್ಲು ತಳ್ಳಬೇಕು? ಬೆಳಗ್ಗೆ ನಿಮ್ಮನ್ನ ಹಾಸಿಗೆಯಿಂದ ಸ್ಟಾರ್ಟ್ ಮಾಡೋಕೇ ನಂಗೆ ಎರಡು ಲೋಟ ಕಾಫಿ ಆಗ್ತೈತೆ." ನಕ್ಕು ಮುಗಿದ ಮೇಲೆ ಸುಮ್ಮನೆ ಕೇಳಿದಳು: "ಅದನ್ನ ಯಾರು ಸರಿ ಮಾಡ್ತಾರೆ? ಆ ಮೇಸ್ತ್ರಿ ಒಬ್ಬರಿಗೇ ಅಲ್ವಾ ಅದರ ಮೈ ಗೊತ್ತಿರೋದು?"

ನಾನು ಅವಳು ಕೆಳಗಿಟ್ಟ ಸೊಪ್ಪನ್ನು ಎಳೆದುಕೊಂಡು ಬಿಡಿಸತೊಡಗಿದೆ.

ಆ ಕಾರು ಯಾವ ಕಂಪನಿಯೂ ಹೆತ್ತದ್ದಲ್ಲ. ನನಗೆ ಇಪ್ಪತ್ತೆಂಟಾಗಿದ್ದಾಗ, ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ದಿನಸಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನಿಗೆ, ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಕಾರಿನ ಹುಚ್ಚು ಹತ್ತಿತು. ಬೆಂಗಳೂರಿನಿಂದ ಬಸ್ಸಿನ ಟಾಪಿನ ಮೇಲೆ ಫೈಬರಿನ ಮೈ ಬಂತು, ಮಗುಚಿಹಾಕಿದ ದೋಣಿಯ ಹಾಗೆ. ಜೊತೆಗೆ ಒಂದು ಗೋಣಿಚೀಲ ನಟ್ಟು ಬೋಲ್ಟು, ನಾಲ್ಕು ಹಾಳೆ ನಕ್ಷೆ. ಇಂಜಿನ್ನೂ ಚಾಸಿಯೂ ಸತ್ತ ಹಳೆಯ ಕಾರೊಂದರವು. ಇವನ್ನೆಲ್ಲ ಒಂದು ಜೀವ ಮಾಡಿದವನು ಮೇಸ್ತ್ರಿ. ಶಿರಾದಿಂದ ಬಂದು ನಮ್ಮ ಅಂಗಡಿಯ ಹಿಂದೆ ಗಾಡಿ ರಿಪೇರಿಯ ಶೆಡ್ಡು ಹಾಕಿಕೊಂಡಿದ್ದ, ನನಗಿಂತ ಎರಡು ವರ್ಷ ಚಿಕ್ಕವನು. ಎಂಟು ತಿಂಗಳು ನಾವಿಬ್ಬರೂ ಆ ಗೋಣಿಚೀಲದೊಳಗೇ ಬದುಕಿದೆವು. ಮದುವೆಯಾಗಿ ವರ್ಷವಾಗದ ನನ್ನ ಹೆಂಡತಿ, ನಾನು ಮನೆಗೆ ಬಂದರೆ ಯಾವ ಅತಿಥಿಯೋ ಎಂಬಂತೆ ನೀರು ಕೊಡುತ್ತಿದ್ದಳು.

ಆಯುಧಪೂಜೆಯ ದಿನ ಕಾರನ್ನು ಹೊರಗೆ ತೆಗೆಯುವುದೆಂದಾಯಿತು. ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳೆಲ್ಲ ಕುಂಕುಮ ಇಟ್ಟುಕೊಂಡು ದೇವರ ಪಟದ ಮುಂದೆ ಕೂತವು. ಆಮೇಲೆ ನೋಡಿದರೆ ಸ್ಟೇರಿಂಗು ಒಂದು ಚೂರು ಓರೆ! ಮುಂದಿನ ಚಕ್ರಗಳು ನೇರವಿದ್ದಾಗ ಸ್ಟೇರಿಂಗಿನ ನಡುವಿನ ನಕ್ಷತ್ರದ ಗುರುತು ಅಂಗಡಿಯ ಕಡೆ ವಾಲುತ್ತಿತ್ತು. ಫೋಟೋದವನು ಬರುವ ಹೊತ್ತು. ಸರಿಮಾಡು ಎಂದೆ. ಮೇಸ್ತ್ರಿ ಕೈ ಜೋಡಿಸಿದ.

"ಇವತ್ತು ಬ್ಯಾಡ ಸಾವ್ಕಾರ್ರೇ. ಸಾಮಾನು ಪೂಜೆಗೆ ಕೂತವೆ, ಎತ್ತಬಾರ್ದು. ನಾಳೆ ಐದೇ ನಿಮಿಷದ ಕೆಲ್ಸ."

ಹಬ್ಬ ನನ್ನದು, ಪಟ ನನ್ನ ದೇವರದು. ನಿಯಮ ಕಾಪಾಡಿದವನು ಅವನು. ಅವನು ಕೈ ತೊಳೆಯಲು ಹೋದಾಗ ಪೂಜೆಯಿಂದ ಸ್ಪ್ಯಾನರು ಕದ್ದವನು ನಾನು. ಕಾರಿನಡಿ ತೂರಿ, ಸ್ಟೇರಿಂಗಿನ ಕಂಬಿ ಮುಂದಿನ ಚಕ್ರಕ್ಕೆ ಸೇರುವ ಕೀಲನ್ನು ಬಿಚ್ಚಿ, ನಕ್ಷತ್ರವನ್ನು ನೇರ ಮಾಡಿದೆ. ಆ ಕೀಲಿನ ನಟ್ಟು ಸಡಿಲಾಗದಂತೆ ಮೇಸ್ತ್ರಿ ಹಾಕಿದ್ದ ಪಿನ್ನು ತೆಗೆಯುವಾಗ ಮುರಿಯಿತು. ಬೇರೆ ಹುಡುಕಲು ವ್ಯವಧಾನವೆಲ್ಲಿ? ಹೆಂಡತಿಯ ಹೇರ್‌ಪಿನ್ನು ಸಿಕ್ಕಿಸಿ, ಸ್ಪ್ಯಾನರು ಒರೆಸಿ, ಕುಂಕುಮ ಮತ್ತೆ ಹಚ್ಚಿ ಇಟ್ಟೆ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಬೂದುಗುಂಬಳ ಒಡೆದು, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊರಟಗೆರೆ ರಸ್ತೆಯಲ್ಲಿ ಹೊರಟೆ. ಆಹಾ, ಆ ಎರಡು ಮೈಲಿ! ಮೂರನೆಯದರಲ್ಲಿ ರಸ್ತೆ ತಿರುಗಿತು, ನಾನು ಸ್ಟೇರಿಂಗು ತಿರುಗಿಸಿದೆ, ಕಾರು ಮಾತ್ರ ತಿರುಗಲಿಲ್ಲ. ಸೀದಾ ಹೋಗಿ ಕಿತ್ತುಹಾಕಿದ್ದ ಕಡಲೆಕಾಯಿ ಗಿಡದ ಮೆದೆಯೊಳಗೆ ಮುಖ ಹುದುಗಿಸಿತು. "ಲೇ, ಕಾರಿಗೂ ಕಡ್ಲೆಕಾಯಿ ಬೇಕಾಯ್ತೇನ್ಲಾ!" ಎಂದು ಹೊಲದವರು ನಕ್ಕರು. ಹಣೆ ಊದಿಸಿಕೊಂಡ ಮೇಸ್ತ್ರಿಯೂ ನಕ್ಕ.

ಸಂಜೆ ಅಂಗಡಿಯ ಮುಂದೆ ನೆರೆದವರ ಎದುರು ಅಪ್ಪ ಕೇಳಿದರು: "ಹೆಂಗಾಯ್ತಲಾ ಇದು?" ಹಬ್ಬದ ದಿನ ಆಯುಧ ಎತ್ತಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. "ಏನ್ಮಾಡೋದಪ್ಪ, ಮೇಸ್ತ್ರಿ ಕೈಗುಣ ಸರಿಯಿಲ್ಲ," ಎಂದೆ.

ನಮ್ಮ ಸೀಮೆಯಲ್ಲಿ ಕೆಲಸ ಕೆಟ್ಟಿತು ಎಂದರೆ ಇನ್ನೊಮ್ಮೆ ಮಾಡಿಸುತ್ತಾರೆ. ಕೈಗುಣ ಕೆಟ್ಟದ್ದು ಎಂದರೆ ಮುಗಿಯಿತು. ಆ ಕೈಗೆ ಹೊಸ ಟ್ರಾಕ್ಟರನ್ನೂ ಮುಟ್ಟಿಸುವುದಿಲ್ಲ, ಹಳೆಯ ಸೈಕಲ್ಲನ್ನೂ ಕೊಡುವುದಿಲ್ಲ. ನನ್ನ ಮಾತು ಪಾವಗಡದವರೆಗೆ ಹೋಯಿತು. ಯುಗಾದಿಯ ಹೊತ್ತಿಗೆ ಶೆಡ್ಡು ಖಾಲಿಯಾಗಿತ್ತು. ನಾನು ಬೇರೆಯವರಿಂದ ಕಾರು ರಿಪೇರಿ ಮಾಡಿಸಿ, ಅದನ್ನು ನೋಡಲಾಗದೆ ಮಾರಿಬಿಟ್ಟೆ.

ಹೋದ ಗುರುವಾರ ಶಿರಾಕ್ಕೆ ಹೋದೆ. ಮೇಸ್ತ್ರಿ ಈಗ ಒಂದು ಗಲ್ಲಿಯಲ್ಲಿ ಕಿಟಕಿ, ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಗಡ್ಡ ಬೆಳ್ಳಗಾಗಿದೆ. ಕಾರಿನ ಸುದ್ದಿ ಕೇಳಿ ಕೈಯಲ್ಲಿದ್ದ ಕಡ್ಡಿ ಬಿಸಾಡಿದ.

"ಜಿಂದಾ ಐತಾ ಗಾಡಿ? ಮಾಲುಗಣ್ಣು ಇನ್ನೂ ಅಂಗೇ ಐತಾ?"

"ಅಂಗೇ ಐತೆ. ಕೋಳಿ ಓಡಿಸ್ತಾ ಐತೆ."

"ನಿಮಗಿಂತ ಚೆನ್ನಾಗೇ ಓಡಿಸ್ತಿರ್ಬೇಕು ಬುಡಿ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಚಹಾ ಬಂತು. ಯಾವ ಬಣ್ಣ, ಯಾವ ಟೈರು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಾರು ಬರೆದೇಬಿಟ್ಟ. ಆಮೇಲೆ ಅದರ ಮುಂದಿನ ಚಕ್ರದ ಹತ್ತಿರ ಬೆರಳಿಟ್ಟು ನಿಂತ.

"ಮಾಡಿಕೊಡ್ತೀನಿ ಸಾವ್ಕಾರ್ರೇ. ಆದ್ರೆ ಒಂದು ಮಾತು. ಆವತ್ತು ನಾನು ಇಲ್ಲಿ ಪಿನ್ ಹಾಕಿದ್ನೋ ಇಲ್ವೋ? ಹಾಕಿದ್ದು ಯಾದ್ ಐತೆ, ಖುದಾಕಸಂ. ಆದ್ರೆ ಹಾಕಿದ್ರೆ ಯಾಕೆ ಬಿಚ್ತು? ಅವತ್ತಿಂದ ಏನೇ ಬಿಗಿದ್ರೂ ಮೂರು ಸಲ ಮುಟ್ಟಿ ನೋಡ್ತೀನಿ. ನನ್ ಹೆಂಡ್ತಿ ನಗ್ತಾಳೆ, ಮನೆ ಬೀಗಾನೂ ಮೂರು ಸಲ ಎಳೀತೀನಿ ಅಂತ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ನಾನು ಹೇಳಿದ್ದು: "ಹಳೇ ಮಾತು ಬುಡು ಮೇಸ್ತ್ರಿ." ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ನಾನು ಅವನ ಗಿರಾಕಿಗಳನ್ನು ಮಾತ್ರ ಕಿತ್ತುಕೊಂಡೆ ಎಂದುಕೊಂಡಿದ್ದೆ. ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆಂದು ಗುರುವಾರದವರೆಗೆ ತಿಳಿದಿರಲಿಲ್ಲ. ಊರು ಆಡಿದ ಮಾತನ್ನು ಅವನು ಮೂರು ಮೂರು ಸಲ ಮುಟ್ಟಿ ನೋಡುತ್ತಾ ಮುದುಕನಾಗಿದ್ದಾನೆ.

ಆದ್ದರಿಂದ ತೀರ್ಮಾನ ಹೀಗೆ. ಕಾರು ಬೇಕು, ಬೇಕೇ ಬೇಕು, ಈ ಆಸೆಗೆ ನಾಚಿಕೆಯಿಲ್ಲ. ಆದರೆ ನಿಜ ಕೇಳಿದ ಮೇಲೂ ಅವನು ಅದನ್ನು ಮುಟ್ಟುತ್ತೇನೆಂದರೆ ಮಾತ್ರ ಕೊಳಾಲದಲ್ಲಿ ಗೂಡು ಏಳುತ್ತದೆ. ಇಲ್ಲವಾದರೆ ಕೋಳಿಗಳೇ ಅದರ ಸಾವ್ಕಾರರಾಗಿರಲಿ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಶಿರಾಕ್ಕೆ ಹೋಗುತ್ತೇನೆ. ನಾಲಿಗೆ ಮತ್ತೆ ಹಿಂದೆ ಸರಿದರೆ ಈ ಕಾಗದವನ್ನೇ ಅವನ ಕೈಗಿಡುತ್ತೇನೆ. ಅದಕ್ಕೇ ಕೊನೆಯ ಸಾಲನ್ನು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ.

ಪಿನ್ನು ನೀನು ಹಾಕಿದ್ದೆ. ಸರಿಯಾಗಿಯೇ ಹಾಕಿದ್ದೆ. ತೆಗೆದವನು ನಾನು, ತಪ್ಪಾಯಿತು, ದಸ್ತಗೀರ್.