ಅವರ ಹಟ್ಟಿ

ಕಾಳಕ್ಕನ ಊರಿನ ಹೆಸರು ಕೆಡಿಸಿದವಳು ನಾನೇ. ಇನ್ನೊಬ್ಬರ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ಶಾಲೆಯ ಕೆಲಸ ಸಾಲದೆಂದು ನಮ್ಮಂಥ ಟೀಚರುಗಳನ್ನು ಮನೆಮನೆ ಪಟ್ಟಿ ಬರೆಯಲು ಅಟ್ಟಿದ್ದರು. ನಾನು ತಿಪಟೂರು ಪೇಟೆಯಲ್ಲಿ ಬೆಳೆದವಳು; ಗೊಲ್ಲರ ಹಟ್ಟಿಯ ರೀತಿನೀತಿ ಏನೇನೂ ತಿಳಿಯದು. ಬೋರನಕಣಿವೆಯ ಆಚೆ, ತೆಂಗಿನ ಸಾಲು ಮುಗಿದು ಕಲ್ಲುಭೂಮಿ ಶುರುವಾಗುವ ಕಡೆ ಆರು ಮನೆಯ ಒಂದು ಹಟ್ಟಿ. ಗಂಡಸರೆಲ್ಲ ಕುರಿಯ ಹಿಂದೆ ಹೋಗಿದ್ದರು. ಕಾಳಕ್ಕ ಒಬ್ಬಳೇ ರಾಗಿ ಕೇರುತ್ತಿದ್ದಳು. ಊರಿನ ಹೆಸರು ಕೇಳಿದೆ. ಸೆರಗು ಬಾಯಿಗೆ ಹಿಡಿದು, "ಅವ್ರ ಹಟ್ಟಿ ಕಣವ್ವ" ಎಂದಳು. ನೆತ್ತಿ ಸುಡುವ ಬಿಸಿಲು. 'ಅವರೆಹಟ್ಟಿ' ಎಂದು ಗೀಚಿಕೊಂಡೆ. ಗಂಡನ ಹೆಸರನ್ನು ರೇಷನ್ ಕಾರ್ಡು ತೋರಿಸಿ ಬರೆಸಿದಳು. ಆಗಲಾದರೂ ನನ್ನ ಮಂಡೆಗೆ ಹೊಳೆಯಬೇಡವೇ?

ಆ 'ಅವರು' ಅವಳ ಗಂಡ ಜುಂಜಪ್ಪ. ಅಲ್ಲಿ ಮೊದಲು ಗುಡಿಸಲು ಹಾಕಿದವನು ಅವನೇ, ಹಾಗಾಗಿ ಅದು ಜುಂಜಪ್ಪನಹಟ್ಟಿ. ಗಂಡನ ಹೆಸರು ಹೇಳಬಾರದೆಂದು ಕಾಳಕ್ಕ ಊರಿನ ಹೆಸರನ್ನೂ ಹೇಳುತ್ತಿರಲಿಲ್ಲ. ಆ ಗೊಲ್ಲರ ದೇವರದೂ ಅದೇ ಹೆಸರು. ದೇವರಿಗೂ 'ನಮ್ಮಪ್ಪ' ಎಂದೇ ಕೈಮುಗಿದವಳು.

ಹೋದ ವರ್ಷ ಸರ್ಕಾರದವರು ನಾವು ಬರೆದುಕೊಟ್ಟಿದ್ದ ಊರುಗಳ ಹೆಸರಿನ ಪಟ್ಟಿಯನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ನಕ್ಷೆಗೆ ಹಾಕಿಕೊಳ್ಳಬಹುದು. ಒಳ್ಳೆಯ ಕೆಲಸವೇ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನ್ನ ತಪ್ಪು ಅದಕ್ಕಿಂತ ದೂರ ಹೋಯಿತು. ಯಾವ ಫೋನಿನಲ್ಲಿ ನೋಡಿದರೂ ಅವರೆಹಟ್ಟಿ. ಹುಳಿಯಾರಿನ ಭೀಮರಾಜು, ಬಿಡುವಿನಲ್ಲಿ ಜನರೇ ಸೇರಿ ಮಾಡುವ ನಕ್ಷೆ ತಿದ್ದುವವನು, ಆ ಹಟ್ಟಿಯ ಪಟ್ಟಿ ಬರೆದವಳು ನಾನೆಂದು ವಿಚಾರಿಸಿ ತಿಳಿದು ಫೋನು ಮಾಡಿದ.

"ಅಲ್ಲಿ ಅವರೆ ಬೆಳದಿದ್ದು ನಮ್ಮಜ್ಜಿನೂ ಕಂಡಿಲ್ಲ ಕಣ್ರೀ ಮೇಡಂ. ತಿದ್ದಾಕೆ ಯಾರ ಅಪ್ಪಣೆನೂ ಬ್ಯಾಡ. ಆದ್ರೆ ನಮ್ಮ ಗುಂಪಿನ ನಿಯಮ ಐತೆ. ಆ ಊರಲ್ಲಿರೋರ ಬಾಯಲ್ಲೇ ಹೆಸ್ರು ರೆಕಾರ್ಡ್ ಆಗ್ಬೇಕು."

ಊರಲ್ಲಿರುವವರು ಯಾರು? ಐದು ಮನೆಯವರು ನೀರಿಗೋಸ್ಕರ ರಸ್ತೆ ಬದಿಗೆ ಹೋಗಿ, ಅಲ್ಲಿಗೆ ಬೇರೆ ಹೆಸರಿಟ್ಟುಕೊಂಡಿದ್ದರು. ಜುಂಜಪ್ಪ ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ. ಉಳಿದವಳು ಕಾಳಕ್ಕ, ಜೊತೆಗೆ ಹನ್ನೊಂದು ಮೇಕೆ. ಸಂತೆಯ ದಿನ ಬಿಟ್ಟರೆ ಅವಳ ಮಾತೆಲ್ಲ ಮೇಕೆಗಳ ಜೊತೆಗೇ.

ಹೋಗಿ ತಪ್ಪೊಪ್ಪಿಕೊಂಡೆ, ಊರಿನ ಹೆಸರನ್ನು ಅವಳೇ ಬಾಯಿಬಿಟ್ಟು ಹೇಳಬೇಕೆಂದೂ ತಿಳಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಅವ್ರುದು ಅಂತ ಉಳ್ದಿರೋದು ಈ ಹೆಸ್ರೊಂದೇ ಕಣವ್ವ. ಒಂದು ಫೋಟೋನೂ ಇಲ್ಲ. ನೀವೇ ಹೇಳ್ಬುಡ್ರವ್ವ."

"ನನ್ನ ಬಾಯಿ ನಡೆಯಲ್ವಂತೆ, ಕಾಳಕ್ಕ."

ಫೋನು ಹಿಡಿದೆ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಎರಡು ಸಲ ಹಾಗೇ ಆಯಿತು. ಬೇಡ, ಹೊರಟುಬಿಡೋಣ ಅನ್ನಿಸಿತು ನನಗೆ. ಅಷ್ಟರಲ್ಲಿ ಅವಳು ನನಗೆ ಬೆನ್ನು ಮಾಡಿ, ಕಲ್ಲುಗುಡ್ಡದ ಕಡೆ ತಿರುಗಿ ನಿಂತಳು.

"ಜುಂಜಪ್ಪಾ."

ಹೆಸರು ಹೇಳಿದ ಹಾಗಿರಲಿಲ್ಲ ಅದು. ದೂರ ಹೋದವನನ್ನು ಊಟಕ್ಕೆ ಕರೆದ ಹಾಗಿತ್ತು. ಮೇಕೆಗಳು ತಲೆಯೆತ್ತಿದವು. ಅವಳು ಕಾದಳು. ಅವಳ ಜೊತೆ ನಾನೂ ಕಾದೆ. ಗುಡ್ಡದ ಕಡೆಯಿಂದ ಗಾಳಿ ಬೀಸಿತು, ಅಷ್ಟೇ.

ಆಮೇಲೆ ದನಿ ತಗ್ಗಿಸಿ, "ಜುಂಜಪ್ಪನ ಹಟ್ಟಿ" ಎಂದು ಪೂರ್ತಿ ಹೇಳಿದಳು. ನಾನು ಫೋನು ಆರಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಇದ್ದಾಗ ಒಂದ್ಸಲಾನೂ ಕೂಗ್ಲಿಲ್ಲ ಕಣವ್ವ," ಎಂದಳು. "ಕೂಗಿದ್ರೆ ಓ ಅಂತಿದ್ರೇನೋ."