ನಾಲ್ಕು ಬೆರಳ ಅಂತರ

ಇದನ್ನು ಹೇಳಲು ಬಹಳ ತಡಮಾಡಿದೆ — ನನ್ನ ತಂಗಿಗೆ ನಾನು ಸುಳ್ಳು ಹೇಳಿದೆ, ಆ ಸುಳ್ಳನ್ನು ನಂಬಿ ಅವಳು ಹೊಟ್ಟೆ ಕೊಯ್ಸಿಕೊಂಡಳು. ‘ಅವಳ ಒಳ್ಳೆಯದಕ್ಕೇ ಮಾಡಿದ್ದೀಯ’ ಎಂದು ನನ್ನ ಪರ ವಹಿಸುವ ನೆಂಟರಿದ್ದಾರೆ. ಅವರು ಸ್ವಲ್ಪ ಸುಮ್ಮನಿದ್ದು ಇದನ್ನು ಓದಲಿ.

ಅವಳಿಗೆ ದೊಡ್ಡ ಕರುಳಿನಲ್ಲಿ ಹುಣ್ಣು. ರಕ್ತ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಶ್ರೀರಾಂಪುರದ ನಮ್ಮ ಮನೆಯಿಂದ ದಿನಾ ಹೊಸದುರ್ಗಕ್ಕೆ ಹೋಗಿ ರವಿಕೆ ಹೊಲಿಯುತ್ತಿದ್ದವಳು, ನಡುದಾರಿಯಲ್ಲಿ ಬಸ್ ನಿಲ್ಲಿಸಿ ಜಾಲಿಯ ಮರೆಗೆ ಓಡುವಂತಾಗಿ ಕೆಲಸವನ್ನೇ ಬಿಟ್ಟಳು. ಔಷಧಿ ನಾಟಲಿಲ್ಲ. ಆಸ್ಪತ್ರೆಯಲ್ಲಿ ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಸದ್ಯಕ್ಕೊಂದು ಚೀಲ ಅಂಟಿಸಿದರು.

ಆ ಚೀಲ ಇಟ್ಟುಕೊಂಡೇ ಅವಳು ಮತ್ತೆ ಬಸ್ ಹತ್ತಿದಳು. “ಏನಕ್ಕಾ, ಇವತ್ತೂ ನಿಲ್ಲಿಸ್ಬೇಕಾ?” ಎಂದ ಕಂಡಕ್ಟರಿಗೆ, “ಇಲ್ಲ ಕಣಪ್ಪ, ಎಲ್ಲ ಜೊತೆಗೇ ತಂದೀನಿ. ಲಗೇಜ್ ಚಾರ್ಜ್ ಹಾಕ್ಬೇಡ” ಎಂದು ನಕ್ಕಳಂತೆ.

ನನಗೆ ನಗು ಬರಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಲಿಂಗ ಹೊಕ್ಕುಳಿಗಿಂತ ಕೆಳಗಿಳಿಯಬಾರದು ಎಂದು ಅಪ್ಪ ಕಲಿಸಿದ್ದರು. ಅವಳು ಪೂಜೆಗೆ ಕೂತಾಗ ನನ್ನ ಕಣ್ಣು ಅಲ್ಲೇ — ಹೊಕ್ಕುಳ ಮೇಲೆ ತೂಗುವ ಲಿಂಗ, ಕೆಳಗೆ ಮಲದ ಚೀಲ, ನಡುವೆ ನಾಲ್ಕೇ ಬೆರಳು...

ಮುಂದೇನು ಎಂಬುದಕ್ಕೆ ಡಾಕ್ಟರು ಎರಡು ದಾರಿ ಹೇಳಿದರು. ಅವಳನ್ನು ಹೊರಗೆ ಕೂರಿಸಿ ನಾನೊಬ್ಬನೇ ಕೇಳಿಸಿಕೊಂಡೆ — ಹಿರಿಯಣ್ಣ ಎಂಬ ಜೋರು. ಚೀಲವನ್ನು ಕೊನೆತನಕ ಇಟ್ಟುಕೊಳ್ಳುವುದು ಒಂದು. ಇನ್ನೊಂದು, ಸಣ್ಣ ಕರುಳನ್ನೇ ಮಡಿಸಿ ಒಳಗೊಂದು ಸಂಚಿ ಹೊಲಿದು ಕೆಳಗೆ ಸೇರಿಸುವುದು. ಆಗ ಮಲ ಮೊದಲಿನ ದಾರಿಯಲ್ಲೇ ಹೋಗುತ್ತದೆ. ಆದರೆ ದಿನಕ್ಕೆ ಹಲವು ಸಲ ಹೋಗಬೇಕು, ಸಂಚಿಗೆ ಬಾವು ಬರಲೂಬಹುದು. “ಎರಡರಲ್ಲೂ ಚೆನ್ನಾಗಿ ಬದುಕಿದವರಿದ್ದಾರೆ. ಅವರಿಗೆ ಯಾವುದು ಬೇಕೋ ಕೇಳಿ ಬನ್ನಿ” ಎಂದರು.

ಕೇಳಲಿಲ್ಲ. ಅವಳೇ ಕೇಳಿದಳು — “ಅಣ್ಣ, ಇದನ್ನೇ ಇಟ್ಕಂಡ್ರೆ ಆಗಲ್ವಂತಾ? ನಂಗೆ ಒಗ್ಗೈತೆ.”

“ಆಗಲ್ವಂತೆ. ಒಳಗೆ ಮಾಡೋದೊಂದೇ ದಾರಿ ಐತಂತೆ.”

ಸಂಚಿ ಎಷ್ಟೋ ಜನರಿಗೆ ಒಗ್ಗುತ್ತದೆ. ಅವಳಿಗೆ ಒಗ್ಗಲಿಲ್ಲ. ಬಾವು, ಜ್ವರ, ಮತ್ತೆ ಅದೇ ಓಟ. ಹೊಸದುರ್ಗದ ಕೆಲಸ ಹೋಯಿತು. ವರ್ಷಗಳು ಹೋದವು. ಕೊನೆಗೆ ಸಂಚಿ ತೆಗೆದು ಚೀಲವನ್ನೇ ಇಟ್ಟರು. “ಇದನ್ನೂ ಆವತ್ತೇ ಹೇಳಿದ್ದೆನಲ್ಲ” ಎಂದರು ಡಾಕ್ಟರು. ಅವಳು ನನ್ನ ಮುಖ ನೋಡಿದಳು.

ಈಗ ಅವಳು ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂರುತ್ತಾಳೆ — ಚೀಲವೂ ಇರುತ್ತದೆ. ಮೊನ್ನೆ ಮನೆಗೆ ಬಂದ ಸೋದರಮಾವ, “ಮೈಲಿಗೆ ಅಲ್ವೇನವ್ವ?” ಎಂದರು.

“ನಿಮ್ಮ ಹೊಟ್ಟೆಯಾಗೆ ಏನೈತೆ ಮಾವ, ವಿಭೂತಿನಾ?”

ಈ ಮಾತು ಆವತ್ತೇ ನನಗೆ ಹೊಳೆದಿದ್ದರೆ — ಇಲ್ಲ, ಅದೂ ನೆಪ. ಮೈ ಅವಳದು, ಆಯ್ಕೆ ಅವಳದು. ಕಿತ್ತುಕೊಂಡವನು ನಾನು.

ಹಳೆಯದನ್ನು ಕೆದಕಬೇಡ ಎನ್ನುತ್ತಾರೆ. ಕೆದಕುತ್ತೇನೆ. ಮಾವನ ಎದುರಿಗೇ, ನೆಂಟರೆಲ್ಲರ ಎದುರಿಗೇ ಅವಳಿಗೆ ಹೇಳುತ್ತೇನೆ. ಅವಳು ಕ್ಷಮಿಸದಿದ್ದರೆ ಯಾರೂ ಅವಳಿಗೆ ಬುದ್ಧಿ ಹೇಳಬಾರದು. ಇಷ್ಟು ಹೊತ್ತು ತಂಗಿ ಎಂದೆ. ಅವಳಿಗೊಂದು ಹೆಸರಿದೆ — ಗೌರಮ್ಮ.