ದೇಸೂರು ಸ್ಟೇಷನ್ನಿನ ಸಂಧಾನ

ಮೊನ್ನೆ ಮಗಳು ಹಾಲಿಲ್ಲದ ಚಹಾಕ್ಕೆ ನಿಂಬೆಹಣ್ಣು ಹಿಂಡಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಪುರದ ನಮ್ಮ ಓಣಿ, ಮಗ್ಗದ ಸಪ್ಪಳ, ಬಾಜು ಮನೆಯ ರಾಯಭಾರಿ ಕಾಕಾ... ಎಲ್ಲ ಒಟ್ಟಿಗೇ ನೆನಪಾದವು. ಓಣಿಯಲ್ಲಿ ಅಂಥ ಚಹಾ ಕುಡಿಯುತ್ತಿದ್ದವರು ಅವರೊಬ್ಬರೇ. "ಪಾಪ, ಹಾಲು ಕಾಸಿ ಕೊಡಾಕ ಮನ್ಯಾಗ ಯಾರೂ ಇಲ್ಲ" ಎಂದು ಅವ್ವ ಮರುಗುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಅವರು ನಿವೃತ್ತರಾಗಿ ಬಂದಿದ್ದರು. ಅಲ್ಲಿಯವರೆಗೆ ದೇಶದೇಶಗಳ ಜಗಳ ಬಿಡಿಸುವುದೇ ಅವರ ನೌಕರಿ. ಕಾದಾಡಿ ದಣಿದ ಎರಡು ದೇಶಗಳ ಗಡಿಯಲ್ಲಿ ಡೇರೆ ಹಾಕಿಕೊಂಡು ಇದ್ದವರು. ಒಮ್ಮೆ ಮಾತುಕತೆಯ ಕೋಣೆಯೊಳಗೆ ಯಾರು ಮೊದಲು ಬರಬೇಕೆಂದೇ ತಂಟೆಯಾದಾಗ, ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದರಂತೆ. ಹೆಂಡತಿ ಪರದೇಶದಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಓಣಿಯಲ್ಲಿ ಅವರ ಪಾಲಿಗೆ ಬಂದದ್ದು ನಳದ ನೀರಿನ ಜಗಳಗಳು. ಅವನ್ನೂ ಅಷ್ಟೇ ಗಂಭೀರವಾಗಿ ಬಿಡಿಸುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಅವರ ಮುಂದೆ ಹೋಗಿ ಕಣ್ಣೀರು ಹಾಕಿದೆ. ಖಾನಾಪುರದ ಅತ್ತೆ, ಅಪ್ಪನ ಅಕ್ಕ, ಚಿಕ್ಕಂದಿನಲ್ಲಿ ನನ್ನನ್ನು ನಾಲ್ಕು ವರ್ಷ ಸಾಕಿದವಳು. ನನ್ನ ಅಕ್ಕನ ಮದುವೆಯ ಗಡಿಬಿಡಿಯಲ್ಲಿ ಅಪ್ಪ ಒಡಹುಟ್ಟಿದವಳಿಗೆ ಕೊಡಬೇಕಾದ ಲಗ್ನಪತ್ರಿಕೆಯನ್ನು ಟಪಾಲಿಗೆ ಹಾಕಿಬಿಟ್ಟಿದ್ದ. ಮನೆಗೆ ಹೋಗಿ ಅರಿಷಿಣ-ಕುಂಕುಮ ಕೊಟ್ಟು ಕರೆಯಬೇಕಾದವಳಿಗೆ ಅಂಚೆಯವನ ಕೈಯಲ್ಲಿ ಕರೆ! ಅತ್ತೆ ಬರಲಿಲ್ಲ. ಆಮೇಲೆ ಆರು ವರ್ಷ ಅಕ್ಕ-ತಮ್ಮನಿಗೆ ಮಾತಿಲ್ಲ. ಅವಳಿಲ್ಲದೆ ತಲೆಯ ಮೇಲೆ ಅಕ್ಷತೆ ಬೀಳುವುದು ನನಗೆ ಬೇಡವಾಗಿತ್ತು.

ಕಾಕಾ ಮೂರು ಸಲ ರೈಲು ಹತ್ತಿ ಖಾನಾಪುರಕ್ಕೆ ಹೋಗಿ ಬಂದರು. ಇಲ್ಲಿಯ ಮಾತನ್ನು ಅಲ್ಲಿಗೆ ಒಯ್ಯುವಾಗ ಖಾರ ತೆಗೆದೇ ಒಯ್ಯುತ್ತಿದ್ದರು. ಅಪ್ಪನದು ಒಂದೇ ಹಟ: "ನಾ ಯಾಕ ಬಾಗಲಿ?"

"ಯಾರೂ ಬಾಗೂದು ಬ್ಯಾಡ್ರಿ," ಎಂದರು ಕಾಕಾ. "ಆಕಿ ಮನಿನೂ ಅಲ್ಲ, ನಿಮ್ಮ ಮನಿನೂ ಅಲ್ಲ. ನಡುವಿನ ದೇಸೂರ ಸ್ಟೇಷನ್ನಾಗ ಇಬ್ಬರೂ ಭೆಟ್ಟಿ ಆಗ್ರಿ."

ಗೊತ್ತು ಮಾಡಿದ ದಿನ ಅಪ್ಪ, ಕಾಕಾ, ನಾನು ದೇಸೂರಿನ ಬೆಂಚಿನ ಮೇಲೆ ಕುಳಿತೆವು. ಖಾನಾಪುರದ ಗಾಡಿ ಬಂತು. ಇಳಿದವರು ಅತ್ತೆಯ ಗಂಡ ಒಬ್ಬರೇ. "ಆಕಿ ಹೊಸಾ ಸೀರಿ ಉಟ್ಟು ತಯಾರಾಗಿದ್ಳ್ರಿ," ಎಂದರು. "ಹೊಸ್ತಿಲ ದಾಟೂ ಮುಂದ ನಿಂತ್ಲು. 'ತವರಮನ್ಯಾವ್ರು ಸ್ಟೇಷನ್ನಾಗ ಕರೀತಾರೇನು?' ಅಂದ್ಲು. ಒಳಗ ಹೋಗಿ ಮಕ್ಕೊಂಡಾಳ."

ಕಾಕಾರ ಮುಖ ಸಣ್ಣದಾಯಿತು. ಅಪ್ಪನ ಕೈ ಹಿಡಿದು, "ತಪ್ಪು ನಂದ್ರಿ," ಎಂದರು. "ದೇಶಗಳನ್ನ ಕೂಡಿಸಿದಂಗ ಅಕ್ಕ-ತಮ್ಮನ್ನ ಕೂಡಸಾಕ ಹೋದೆ. ಆಕಿಗೆ ನಡುವಿನ ಜಾಗಾ ಬೇಕಾಗಿರಲಿಲ್ಲ. ತಮ್ಮ ಆಕಿ ಬಾಗಲಿಗೆ ಬರಬೇಕಾಗಿತ್ತು."

ಅಷ್ಟು ದೊಡ್ಡ ಮನುಷ್ಯ ತಪ್ಪೊಪ್ಪಿಕೊಂಡದ್ದು ಅಪ್ಪನನ್ನು ಕರಗಿಸಿತೋ, ಅಕ್ಕ ಹೊಸ ಸೀರೆ ಉಟ್ಟಿದ್ದಳೆಂಬ ಮಾತೋ... ಮುಂದಿನ ಗಾಡಿಗೆ ಖಾನಾಪುರಕ್ಕೆ ಹೋದ. ಪೇಟೆಯಲ್ಲಿ ಕುಂಕುಮ ಕೊಂಡು ಅವಳ ಬಾಗಿಲಿಗೆ ಹೋಗಿ ನಿಂತ. ಅತ್ತೆ ಅಲ್ಲೇ ಅವನ ಬೆನ್ನಿಗೆ ನಾಲ್ಕು ಗುದ್ದಿ ಅತ್ತಳಂತೆ. ನನ್ನ ಮದುವೆಗೆ ಎಂಟು ದಿನ ಮೊದಲೇ ಬಂದು ಇಡೀ ಮನೆಯನ್ನು ಆಳಿದಳು.

ಕಾಕಾ ಮದುವೆಗೆ ಬರಲಿಲ್ಲ. ಅಕ್ಷತೆ ಬೀಳುವಾಗ ನನ್ನ ಕಣ್ಣುಗಳು ಅವರನ್ನೇ ಹುಡುಕಿದವು. ಆಮೇಲೆ ಗೊತ್ತಾಯಿತು: ಅವ್ವ ಕರೆದಿರಬೇಕೆಂದು ಅಪ್ಪ, ಅಪ್ಪ ಕರೆದಿರಬೇಕೆಂದು ಅವ್ವ ಸುಮ್ಮನಿದ್ದರು. ನಾನಂತೂ ಬಾಜು ಮನೆಯವರಿಗೆ ಎಂಥ ಕರೆ ಎಂದುಕೊಂಡಿದ್ದೆ. ಗಂಡನ ಮನೆಗೆ ಹೊರಟಾಗ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ತಮ್ಮ ಬಾಗಿಲಲ್ಲಿ ನಿಂತಿದ್ದರು. ಕಾಲು ಮುಟ್ಟಿದೆ. "ಸುಖದಿಂದ ಇರವಾ," ಎಂದರು, ಅಷ್ಟೇ. ತಪ್ಪಾಯಿತು ಎನ್ನಲು ನಾಚಿಕೆಯಾಯಿತು. ಮುಂದಿನ ಸಲ ತವರಿಗೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ನಾನು ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು, ಮನೆಗೆ ಕೀಲಿ ಬಿದ್ದಿತ್ತು...

ಈಗ ಅಪ್ಪನಿಲ್ಲ, ಅತ್ತೆಯೂ ಇಲ್ಲ. ಬರುವ ತಿಂಗಳು ನನ್ನ ಮಗಳ ಮದುವೆ. ಕರೆಯಬೇಕಾದವರ ಪಟ್ಟಿ ಮಾಡಲು ಕುಳಿತರೆ ಕೈ ಮೊದಲು ಕಾಕಾರ ಹೆಸರನ್ನೇ ಬರೆಯುತ್ತದೆ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ.